ಮಾರ್ದನಿಯ ಗುಂಡಿ ಯಾರ ಕೈಲಿದೆ?

ಎರಡು ಡಿಲೇ ಪೆಡಲ್ ಮುಂದಿಟ್ಟುಕೊಂಡು ಕೂತಿದ್ದೇನೆ. ಒಂದು ಗೆಳೆಯನಿಂದ ತಂದ ಬಾಸ್ ಡಿಎಂ-2, 1981ರಲ್ಲಿ ಬಂದ ಮಾಡೆಲ್. ಇನ್ನೊಂದು ನನ್ನದೇ ಎಂಎಕ್ಸ್‌ಆರ್ ಕಾರ್ಬನ್ ಕಾಪಿ. ಗಿಟಾರ್ ಸಹವಾಸ ಇಲ್ಲದವರಿಗೆ ಒಂದು ಮಾತು: ಡಿಲೇ ಪೆಡಲ್ ಅಂದರೆ ಕಾಲಲ್ಲಿ ಒತ್ತಿ ಆನ್ ಮಾಡುವ ಪುಟ್ಟ ಡಬ್ಬಿ. ನುಡಿಸಿದ ಸ್ವರವನ್ನು ಒಂದು ಕ್ಷಣ ತಡೆದು ಮತ್ತೆ ಕೇಳಿಸುತ್ತೆ. ಪಾಂಡವಪುರದ ಕುಂತಿಬೆಟ್ಟದಲ್ಲಿ ಬಂಡೆಗೆ ಎದುರಾಗಿ ನಿಂತು ಚಿಕ್ಕವರಿದ್ದಾಗ ಕೂಗ್ತಿದ್ವಲ್ಲ, ಅದೇ ಆಟ. ಡಿಎಂ-2 ಹೆಚ್ಚೆಂದರೆ 300 ಮಿಲಿಸೆಕೆಂಡ್ ತಡೆಯುತ್ತೆ. ಶಬ್ದದ ವೇಗದ ಲೆಕ್ಕ ಹಾಕಿದರೆ ಬಂಡೆಯಿಂದ ಸುಮಾರು 50 ಮೀಟರ್ ದೂರ ನಿಂತ ಹಾಗೆ. ಕಾರ್ಬನ್ ಕಾಪಿ 600, ಅಂದರೆ 100 ಮೀಟರ್.

ಎರಡೂ ಅನಲಾಗ್. ಇವುಗಳ ಒಳಗಿರುವ ಚಿಪ್‌ನ ಉಪಾಯ ಹೊಳೆದದ್ದು 1969ರಲ್ಲಿ, ಫಿಲಿಪ್ಸ್ ಕಂಪನಿಯ ಪ್ರಯೋಗಾಲಯದಲ್ಲಿ. ಅದಕ್ಕೆ ಬಕೆಟ್ ಬ್ರಿಗೇಡ್ ಅಂತ ಹೆಸರು. ಮನೆಗೆ ಮೋಲ್ಡ್ ಹಾಕುವ ದಿನ ಸಾಲಾಗಿ ನಿಂತು ಕಾಂಕ್ರೀಟ್ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸೋದನ್ನ ನೋಡಿದ್ದೀರಲ್ಲ, ಹಾಗೆ. ಮೊದಮೊದಲ ಡಿಎಂ-2ರ ಎಂಎನ್3005 ಚಿಪ್‌ನಲ್ಲಿ ಇಂಥ ಹಂತಗಳು 4096. ಕೈ ಬದಲಾದಾಗ ಒಂದಿಷ್ಟು ಚೆಲ್ಲುತ್ತೆ. ಜೊತೆಗೆ ಚಿಪ್‌ನ ಗದ್ದಲ ಕೇಳಿಸದಿರಲಿ ಅಂತ ಹಾಕಿರುವ ಫಿಲ್ಟರ್ ಸ್ವರದ ಚೂಪನ್ನೂ ಕತ್ತರಿಸುತ್ತೆ. ಹಾಗಾಗಿ ಎರಡನೇ ಸಲ ಕೇಳಿಸುವಾಗ ಸ್ವರ ಮೊಂಡಾಗಿರುತ್ತೆ, ಐದನೇ ಸಲಕ್ಕೆ ಬರೀ ನೆರಳು. ಡಿಎಂ-2ರ ಮಾರ್ದನಿ ಹತ್ತಿರದ್ದು, ದಪ್ಪಗಿನದು. ಕಾರ್ಬನ್ ಕಾಪಿಯದ್ದು ದೂರದ್ದು, ಮಂಜು ಮುಸುಕಿದ ಹಾಗೆ. ಡಿಜಿಟಲ್ ಪೆಡಲ್‌ನಲ್ಲಿ ಈ ಕಷ್ಟ ಇಲ್ಲ. ಹತ್ತನೇ ಸಲವೂ ಅದೇ ಸ್ವರ, ಅದೇ ಚೂಪು, ಸದ್ದು ಮಾತ್ರ ಕಡಿಮೆ.

ಹಾಗಿದ್ದರೂ ಅನಲಾಗ್ ಯಾಕೆ ಬೇಕು? ಹಳೇ ಸ್ವರ ಮಬ್ಬಾದರೆ ಈಗ ನುಡಿಸುವ ಸ್ವರಕ್ಕೆ ಜಾಗ ಸಿಗುತ್ತೆ, ಅದಕ್ಕೆ. ಇದರಿಂದ ನಾನೊಂದು ತತ್ವವನ್ನೂ ಮಾಡಿಕೊಂಡಿದ್ದೆ: ಮನಸ್ಸೂ ಅನಲಾಗ್ ಆಗಿರಬೇಕು, ನೋವು ಮಬ್ಬಾಗುತ್ತಾ ಹೋಗಬೇಕು. ಕೇಳೋಕೆ ಚೆನ್ನಾಗಿದೆ. ಆದರೆ ಹೋದ ತಿಂಗಳು ಅತ್ತಿಗೆ ಫೋನ್ ಮಾಡಿದರು.

ಅಣ್ಣ-ಅತ್ತಿಗೆ ನಾಗಮಂಗಲದಲ್ಲಿದ್ದಾರೆ. ಕೆ.ಆರ್. ಪೇಟೆ ಹತ್ತಿರದ ಊರಲ್ಲಿ ಅಪ್ಪನ ಜಮೀನು. ನಾಲ್ಕು ವರ್ಷದ ಹಿಂದೆ ಅಪ್ಪನ ತಿಥಿ ದಿನ ಪಾಲಿನ ಮಾತು ಬಂದು ಅಣ್ಣ ಅಂದಿದ್ದ: "ಬೆಂಗ್ಳೂರ್ ಸೇರ್ಕಂಡೋನ್ಗೆ ಊರ್ ಜಮೀನ್ ಯಾಕ್ಲಾ?" ಆ ಮಾತು ನನಗೆ ಅಕ್ಷರ ಬಿಡದ ಹಾಗೆ ನೆನಪಿದೆ. ಅವನು ಲೋಟ ಕೆಳಗಿಟ್ಟ ರೀತಿಯೂ ನೆನಪಿದೆ. ಟ್ರಾಫಿಕ್‌ನಲ್ಲಿ, ಮೀಟಿಂಗ್ ಮಧ್ಯೆ, ಸ್ನಾನ ಮಾಡುವಾಗ ಎಷ್ಟು ಸಲ ಕೇಳಿಸಿಕೊಂಡಿದ್ದೀನೋ ಲೆಕ್ಕವಿಲ್ಲ.

ಅತ್ತಿಗೆ ಹೇಳಿದರು, "ಅವತ್ತು ನೀನಂದ ಮಾತ್ನ ನಿಮ್ಮಣ್ಣ ಇನ್ನೂ ಮರ್ತಿಲ್ಲ ಕಣಪ್ಪ."

"ಯಾವ ಮಾತು ಅತ್ತಿಗೆ?"

ನಿಜಕ್ಕೂ ಗೊತ್ತಿರಲಿಲ್ಲ. ಅತ್ತಿಗೆ ಸ್ವಲ್ಪ ತಡೆದು ಹೇಳಿದರು. "ಅಪ್ಪಂಗೆ ನೀನೇನ್ ಮಾಡಿದ್ದೀಯ? ಆಸ್ಪತ್ರೆ ದುಡ್ಡು ಕಟ್ಟಿದ್ದು ನಾನು." ಅಪ್ಪ ಹಾಸಿಗೆ ಹಿಡಿದ ಹನ್ನೊಂದು ತಿಂಗಳೂ ಮೈ ಒರೆಸಿ, ಬಟ್ಟೆ ಬದಲಿಸಿ, ರಾತ್ರಿ ಎದ್ದೆದ್ದು ನೋಡಿದ ಅಣ್ಣನಿಗೆ ಹೀಗಂದಿದ್ದೆ. ನನ್ನ ತಲೆಯಲ್ಲಿ ಉಳಿದಿದ್ದು ಇಷ್ಟೇ: ಏನೋ ಸ್ವಲ್ಪ ಜೋರಾಗಿ ಮಾತಾಡಿದ್ದೆ.

ಅಂದರೆ ನನ್ನ ಹತ್ತಿರ ಎರಡೂ ಬಗೆಯ ಪೆಡಲ್ ಇತ್ತು. ಕೇಳಿಸಿಕೊಂಡ ಮಾತಿಗೆ ಡಿಜಿಟಲ್, ಆಡಿದ ಮಾತಿಗೆ ಅನಲಾಗ್. ಯಾವುದನ್ನ ಯಾವುದಕ್ಕೆ ಹಾಕಬೇಕು ಅಂತ ನಾನೇ ಆರಿಸಿಕೊಂಡಿದ್ದೆ, ಆರಿಸಿಕೊಂಡಿದ್ದು ನನಗೇ ಗೊತ್ತಾಗದ ಹಾಗೆ. ಮರೆವು ದೊಡ್ಡ ಗುಣ ಅಂತೀವಿ. ಆದರೆ ಏಟು ತಿಂದವನು ಮರೆತರೆ ಅದು ಗುಣ. ಏಟು ಕೊಟ್ಟವನು ಮರೆತರೆ ಅದು ಬರೀ ಅನುಕೂಲ.

ಇದು ನಮ್ಮನೆ ಕತೆ ಮಾತ್ರ ಅಲ್ಲ. ನಮ್ಮ ಜಿಲ್ಲೆಯಲ್ಲೇ ಎರಡು ನೆನಪುಗಳು ಅಕ್ಕಪಕ್ಕ ಬದುಕಿವೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಮಂಡಯಂ ಅಯ್ಯಂಗಾರ್ ಮನೆತನಗಳಲ್ಲಿ ನರಕ ಚತುರ್ದಶಿ ಹಬ್ಬ ಮಾಡೋದಿಲ್ಲ. ಟಿಪ್ಪು ಆಳ್ವಿಕೆಯಲ್ಲಿ ಆ ದಿನ ತಮ್ಮ ಹಿರಿಯರ ಹತ್ಯೆಯಾಯಿತು ಅನ್ನೋದು ಅವರ ನೆನಪು. ಅಲ್ಲಿಂದ ಸುಮಾರು ಒಂದು ಗಂಟೆ ದಾರಿ ಶ್ರೀರಂಗಪಟ್ಟಣ. 1799ರ ಮೇ 4ರಂದು ಬ್ರಿಟಿಷರ ವಿರುದ್ಧ ಕಾದಾಡಿ ಸತ್ತ ಟಿಪ್ಪುವಿನ ಸಮಾಧಿ ಅಲ್ಲಿನ ಗುಂಬಜ್‌ನಲ್ಲಿದೆ. ಅಲ್ಲೂ ಜನ ತಲೆಬಾಗುತ್ತಾರೆ. ಇವರಿಗಾಗಲಿ ಅವರಿಗಾಗಲಿ "ಹಳೇದು ಬಿಡಿ, ಮರೀರಿ" ಅಂತ ಹೇಳೋಕೆ ದೂರ ಕೂತ ನಾನ್ಯಾರು? ಮಾರ್ದನಿ ಎಷ್ಟು ಹೊತ್ತು ಉಳಿಯಬೇಕು ಅನ್ನೋ ಗುಂಡಿ ನೊಂದವರ ಕೈಲಿರಬೇಕು.

ಆದರೆ ಆ ಗುಂಡಿಯನ್ನ ಪೂರ್ತಿ ತಿರುಗಿಸಿದರೆ ಏನಾಗುತ್ತೆ ಅಂತ ಗಿಟಾರ್ ನುಡಿಸೋರಿಗೆ ಗೊತ್ತು. ಮಾರ್ದನಿಯೇ ಮಾರ್ದನಿಯನ್ನ ತಿಂದು ಬೆಳೆದು ಕಡೆಗೆ ಒಂದೇ ಊಳು. ತಂತಿಯ ಮೇಲಿಂದ ಕೈ ತೆಗೆದರೂ ನಿಲ್ಲಲ್ಲ. ನುಡಿಸಿದ ಸ್ವರ ಅದರಲ್ಲಿ ಎಲ್ಲೂ ಇರಲ್ಲ. 2015ರಲ್ಲಿ ಒಂದು ಸರ್ಕಾರ ಟಿಪ್ಪು ಜಯಂತಿ ಶುರು ಮಾಡಿತು, 2019ರಲ್ಲಿ ಇನ್ನೊಂದು ನಿಲ್ಲಿಸಿತು. ನಡುವಿನ ನವೆಂಬರ್‌ಗಳಲ್ಲಿ ಟೀವಿಯಲ್ಲಿ ಕೇಳಿದ್ದು ಬಹುಪಾಲು ಆ ಊಳು. ಮೇಲುಕೋಟೆಯ ದೀಪವಿಲ್ಲದ ಮನೆಯ ಮೌನವಾಗಲಿ, ಗುಂಬಜ್‌ನ ಮೌನವಾಗಲಿ ಅದರಲ್ಲಿ ಇರಲಿಲ್ಲ. ಗುಂಡಿ ತಿರುಗಿಸ್ತಿದ್ದ ಕೈ ಬೇರೆ ಯಾರದೋ ಆಗಿತ್ತು.

ನಾಲ್ಕು ವರ್ಷ ನನ್ನ ತಲೆಯಲ್ಲಿ ಸುತ್ತಿದ್ದೂ ಅಣ್ಣನ ಮಾತಲ್ಲ, ಊಳೇ ಇರಬೇಕು. ಅವನ ದನಿಯಲ್ಲಿ ಆವತ್ತು ಸುಸ್ತೂ ಇತ್ತು, ಅದು ಈಗ ನೆನಪಾಗ್ತಿದೆ.

ಈ ಭಾನುವಾರ ನಾಗಮಂಗಲಕ್ಕೆ ಹೋಗ್ತಿದ್ದೀನಿ. "ಜಮೀನ್ ವಿಷ್ಯ ಎತ್ಬೇಡ" ಅಂದಿದ್ದಾರೆ ಅತ್ತಿಗೆ. ಎತ್ತಲ್ಲ. "ಏನೋ ಕೋಪದಲ್ಲಿ ಅಂದ್ಬಿಟ್ಟೆ ಅಣ್ಣ" ಅಂತಲೂ ಅನ್ನಲ್ಲ, ಅದು ಅನಲಾಗ್ ಕ್ಷಮೆ. ಆಡಿದ ಮಾತನ್ನ ಆಡಿದ ಹಾಗೇ, ಒಂದಕ್ಷರ ಮಬ್ಬಾಗದ ಹಾಗೆ ನಾನೇ ಹೇಳಿ ಆಮೇಲೆ ಕ್ಷಮೆ ಕೇಳಬೇಕು. ಅವನು ಮರೀತಾನೋ ಇಲ್ಲವೋ, ಅದು ಅವನ ಗುಂಡಿ.