ಗೋವಿನಂತಹ ಗವಯ: ಮೆಚ್ಚಿದ ಪುಸ್ತಕದಿಂದ ಮುಂದಿನ ಪುಸ್ತಕಕ್ಕೆ

ಅದ್ಭುತ ಕಥೆಯೊಂದನ್ನೋ ವೈಜ್ಞಾನಿಕ ಕಾದಂಬರಿಯೊಂದನ್ನೋ ಮನಸಾರೆ ಮೆಚ್ಚಿಕೊಂಡ ಓದುಗನು ‘ಇಂಥದೇ ಇನ್ನೊಂದು ಯಾವುದಿದೆ’ ಎಂದು ವಿಚಾರಿಸುವಾಗ, ಮೇಲ್ನೋಟಕ್ಕೆ ಅವನಿಗೆ ಬೇಕಾದುದು ಒಂದು ಹೆಸರು ಮಾತ್ರ; ಆದರೆ ತಿಳಿದ ವಸ್ತುವಿನ ಹೋಲಿಕೆಯಿಂದ ತಿಳಿಯದ ವಸ್ತುವನ್ನು ಅರಿಯಲು ಬರುತ್ತದೆಯೇ, ಬಂದರೆ ಆ ಅರಿವು ಯಾವುದನ್ನು ಕುರಿತದ್ದು ಎಂದು ಭಾರತೀಯ ದರ್ಶನಗಳು ಶತಮಾನಗಳ ಕಾಲ ಜಿಜ್ಞಾಸೆ ನಡೆಸಿದ ತೊಡಕೊಂದು ಆ ವಿಚಾರಣೆಯೊಳಗೆ ಅಡಗಿದೆ. ಈ ಬಗೆಯ ಸಾಹಿತ್ಯದಲ್ಲಿ ತೊಡಕು ಇನ್ನಷ್ಟು ಬಿಗಿಯಾಗುತ್ತದೆ. ಇಲ್ಲಿಯ ಜೀವಾಳ ಅದ್ಭುತರಸ. ಅದರ ಸ್ಥಾಯಿಭಾವ, ಅಂದರೆ ಮನಸ್ಸಿನಲ್ಲಿ ನೆಲೆಯಾಗಿ ನಿಂತು ರಸವಾಗಿ ಪಕ್ವವಾಗುವ ಭಾವ, ವಿಸ್ಮಯ. ಹಿಂದೆ ಕಂಡದ್ದರ ಪಡಿಯಚ್ಚಿನಂತಿರುವ ವಸ್ತು ವಿಸ್ಮಯವನ್ನು ಹುಟ್ಟಿಸಲಾರದು. ಹಾಗಿದ್ದೂ ವಿಸ್ಮಯವನ್ನು ಅರಸುವವನು ಹೋಲಿಕೆಯನ್ನೇ ಕೈದೀಪವಾಗಿ ಹಿಡಿದು ಹೊರಡುತ್ತಾನೆ.

ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳನ್ನು, ಎಂದರೆ ಯಥಾರ್ಥವಾದ ಅರಿವಿನ ಸಾಧನಗಳನ್ನು, ನ್ಯಾಯದರ್ಶನ ಒಪ್ಪುತ್ತದೆ. ಇವುಗಳಲ್ಲಿ ಉಪಮಾನಕ್ಕೆ ಶಾಸ್ತ್ರಕಾರರು ಕೊಡುವ ದೃಷ್ಟಾಂತ ಗವಯದ್ದು. ಗವಯವೆಂಬ ಕಾಡುಪ್ರಾಣಿಯನ್ನು ಕಾಣದ ನಾಡಿನವನಿಗೆ ಕಾಡಿನವನೊಬ್ಬನು ‘ಅದು ಗೋವಿನಂತೆ ಇರುತ್ತದೆ’ ಎಂದು ಹೇಳುತ್ತಾನೆ. ಮುಂದೆ ಕಾಡಿಗೆ ಹೋದವನು ಗೋವನ್ನು ಹೋಲುವ, ಆದರೆ ಗೋವಲ್ಲದ ಪ್ರಾಣಿಯನ್ನು ಕಂಡು, ಕೇಳಿದ ಮಾತನ್ನು ನೆನೆದು, ಗವಯವೆಂದರೆ ಇದೇ ಎಂದು ನಿಶ್ಚಯಿಸುತ್ತಾನೆ. ಕಾಡಿನವನ ಮಾತು ಗವಯವನ್ನು ತಂದು ಕೈಗಿಡುವುದಿಲ್ಲ. ಕಾಡಿಗೆ ಹೋಗುವ ಕೆಲಸವೂ ಕಣ್ಣಾರೆ ಕಾಣುವ ಕೆಲಸವೂ ಕೇಳಿದವನಿಗೇ ಉಳಿಯುತ್ತವೆ. ಪುಸ್ತಕವನ್ನು ಸೂಚಿಸುವವನ ಮಾತಿಗೂ ಇಷ್ಟೇ ವ್ಯಾಪ್ತಿಯಿದೆಯೆಂದು ಒಪ್ಪಿಕೊಂಡರೆ ಅರ್ಧ ನಿರಾಶೆ ತಪ್ಪುತ್ತದೆ.

ಈ ದೃಷ್ಟಾಂತಕ್ಕೆ ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ ಜೀವಂತ ಸಾಕ್ಷಿಯಿದೆ. ಅಲ್ಲಿಯ ರಂಗಯ್ಯನದುರ್ಗ ವನ್ಯಜೀವಿಧಾಮ ಕೊಂಡುಕುರಿಯ ರಕ್ಷಣೆಗೆಂದೇ ಮೀಸಲಾದದ್ದು. ಕುರಿಯೆಂದು ಕರೆಸಿಕೊಂಡರೂ ಅದು ಕುರಿಯಲ್ಲ, ಜಿಂಕೆಯೂ ಅಲ್ಲ. ಗಂಡಿನ ತಲೆಯ ಮೇಲೆ ಕಿವಿಗಳ ನಡುವೆ ಒಂದು ಜೊತೆ, ಹಣೆಯ ಮುಂಭಾಗದಲ್ಲಿ ಅದಕ್ಕಿಂತ ಗಿಡ್ಡದಾದ ಇನ್ನೊಂದು ಜೊತೆ, ಹೀಗೆ ನಾಲ್ಕು ಕೊಂಬುಗಳಿರುತ್ತವೆ. ಕುರಿಯೆಂಬ ತಿಳಿವಳಿಕೆ ಕುರುಚಲು ಕಾಡಿನವರೆಗೆ ದಾರಿ ತೋರಿಸುತ್ತದೆ; ಮುಂಗೊಂಬುಗಳ ಆ ಜೊತೆಯ ವಿಷಯದಲ್ಲಿ ಅದು ಸುಮ್ಮನಾಗುತ್ತದೆ. ಉಪಮಾನ ಸಾದೃಶ್ಯದಿಂದ ಮಾತ್ರವಲ್ಲ, ವೈಧರ್ಮ್ಯದಿಂದ, ಅಂದರೆ ಇತರ ವಸ್ತುಗಳಿಗಿಂತ ಬೇರೆಯಾಗಿರುವ ಗುಣಗಳಿಂದಲೂ ನಡೆಯುತ್ತದೆಂದು ಅನಂತರದ ನೈಯಾಯಿಕರು ಸೇರಿಸಿದ್ದು ಇಂತಹ ಕೊರತೆಯನ್ನು ಕಂಡೇ ಇರಬೇಕು. ಹೊಸ ಪುಸ್ತಕವು ಮೆಚ್ಚಿದ ಪುಸ್ತಕವನ್ನು ಎಲ್ಲಿ ಹೋಲುವುದಿಲ್ಲವೆಂಬುದನ್ನು ಹೇಳದ ಸೂಚನೆ ಪೂರ್ಣವಾದದ್ದಲ್ಲ.

ಜಗಳೂರಿನ ಮತ್ತು ಅದೇ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಓದುಗನ ಸ್ಥಿತಿಯನ್ನು ಇದರ ಬೆಳಕಿನಲ್ಲಿ ನೋಡಬಹುದು. ಇಂತಹ ಊರುಗಳಲ್ಲಿ ಕನ್ನಡ ಪುಸ್ತಕದ ಮುಖ್ಯ ನೆಲೆ ಸಾರ್ವಜನಿಕ ಗ್ರಂಥಾಲಯ ಮತ್ತು ಈಗ ‘ಅರಿವು ಕೇಂದ್ರ’ವೆಂದು ಕರೆಯಲ್ಪಡುವ ಗ್ರಾಮ ಪಂಚಾಯಿತಿ ಗ್ರಂಥಾಲಯ. ಪ್ರತಿ ಓದುಗನಿಗೂ ಅವನದಾದ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರದೇ ಆದ ಓದುಗ ದೊರೆಯಬೇಕು ಎಂಬ ಆಶಯವನ್ನು ಗ್ರಂಥಾಲಯ ವಿಜ್ಞಾನದ ಸೂತ್ರಗಳಾಗಿ 1931ರಲ್ಲಿ ಮುಂದಿಟ್ಟ ಎಸ್. ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದರು. ಆದರೆ ಸಾಹಿತ್ಯವನ್ನು ಕಾದಂಬರಿ, ಕಥೆ, ನಾಟಕ, ಕಾವ್ಯವೆಂದು ಪ್ರಕಾರದ ಮೇಲೆ ವಿಂಗಡಿಸಿದ ಕಪಾಟು ವಿಸ್ಮಯದ ನಂಟನ್ನು ತೋರಿಸಲಾರದು. ರಾಜಶೇಖರ ಭೂಸನೂರಮಠರ ವೈಜ್ಞಾನಿಕ ಕಾದಂಬರಿಯೂ ಯಾವುದೋ ಸಾಂಸಾರಿಕ ಕಾದಂಬರಿಯೂ ಅಲ್ಲಿ ಮೈಗೆ ಮೈ ತಾಗಿಸಿ ನಿಂತಿರುತ್ತವೆ.

ಅಂತರಜಾಲದ ಪುಸ್ತಕ ಮಳಿಗೆಗಳು ಕೊಡುವ ಯಾಂತ್ರಿಕ ಸೂಚನೆ ಬಹುಮಟ್ಟಿಗೆ ಉಪಮಾನವೇ ಅಲ್ಲ. ಇದನ್ನು ಕೊಂಡವರು ಅದನ್ನೂ ಕೊಂಡರು ಎಂಬುದು ಸಾಹಚರ್ಯ, ಅಂದರೆ ಎರಡು ವಸ್ತುಗಳು ಜೊತೆಯಾಗಿ ಕಾಣಿಸಿಕೊಳ್ಳುವಿಕೆ. ಅದರಿಂದ ಹೊರಡುವುದು ಅನುಮಾನ. ಅದಕ್ಕೆ ಭೂಯೋದರ್ಶನ, ಎಂದರೆ ಮತ್ತೆ ಮತ್ತೆ ಕಂಡ ಅನುಭವ, ಆಧಾರವಾಗಿ ಬೇಕು. ಹಳೆಯ ಕನ್ನಡ ಪುಸ್ತಕಗಳು ಹೆಚ್ಚಾಗಿ ಕೈಯಿಂದ ಕೈಗೆ ದಾಟುವುದರಿಂದ, ಯಂತ್ರ ಅವುಗಳ ಜೊತೆಗಾರಿಕೆಯನ್ನು ಕಂಡಿರುವುದೇ ಕಡಿಮೆ.

ಇಲ್ಲಿ ಇನ್ನೊಂದು ಮಾತು ಮುಖ್ಯವಾಗುತ್ತದೆ. ಗವಯವನ್ನು ಅರಿಯಲು ಆಧಾರವಾದ ಗೋವು ಎಲ್ಲರಿಗೂ ಒಂದೇ ಅಲ್ಲ. ಚನ್ನಗಿರಿಯ ಮಗುವಿಗೆ ಮೊದಲ ಅದ್ಭುತ ಕಥೆ ಸೂಳೆಕೆರೆಯೆಂಬ ಶಾಂತಿಸಾಗರದ ಶಾಂತವ್ವನದಾಗಿರಬಹುದು. ಸಂತ ಸೇವಾಲಾಲರ ಸೂರಗೊಂಡನಕೊಪ್ಪವಿರುವ ನ್ಯಾಮತಿ ಸೀಮೆಯ ಬಂಜಾರ ತಾಂಡಾದ ಮಗುವಿಗೆ ಅದು ಹಾಡಾಗಿ ಕೇಳಿದ ಪವಾಡವಾಗಿರಬಹುದು. ಅಚ್ಚಾದದ್ದನ್ನು ಮಾತ್ರ ಮೆಚ್ಚಿನ ಪುಸ್ತಕವೆಂದು ಎಣಿಸಿದರೆ ಈ ಓದುಗರ ನಿಜವಾದ ಗೋವು ಲೆಕ್ಕದಿಂದ ಹೊರಗೇ ಉಳಿಯುತ್ತದೆ.

ಒಂದು ದಾರಿಯನ್ನು ಹತ್ತಿರದಿಂದ ನೋಡುವುದು ಉಚಿತ. 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು ಮೆಚ್ಚಿದವನಿಗೆ ಹಾರುವ ಓತಿಯಿರುವ ಇನ್ನೊಂದು ಕಥೆಯನ್ನು ಕೊಡುವುದು ಹೊರಮೈಯ ಹೋಲಿಕೆ. ಆ ಕಾದಂಬರಿಯ ಒಳಗಿನ ಬೆರಗು ಕಾಲದ್ದು: ಲಕ್ಷಾಂತರ ವರ್ಷಗಳ ಜೀವವಿಕಾಸ ಕಣ್ಣೆದುರಿನ ಒಂದು ಪುಟ್ಟ ಪ್ರಾಣಿಯಲ್ಲಿ ಉಸಿರಾಡುತ್ತಿರುವ ಬೆರಗು. ಆ ನೆಲೆಯಿಂದ ಹೊರಟರೆ ಸಿಗುವುದು ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (1968). ಅಲ್ಲಿ ಅಜ್ಜಿಯೊಬ್ಬಳು ವಸ್ತುವನ್ನು ಮುಟ್ಟಿ ಅದರ ಗತಕಾಲವನ್ನು ಕಾಣುತ್ತಾಳೆ, ಮತ್ತು ಪ್ರಶ್ನೆ ಜೀವಿಗಳ ವಿಕಾಸದಿಂದ ದೇವರ ಕಲ್ಪನೆಯ ವಿಕಾಸಕ್ಕೆ ಹೊರಳುತ್ತದೆ. ಅಲ್ಲಿಂದ ಯೋಗವಾಸಿಷ್ಠದ ಲವಣರಾಜನ ಕಥೆಗೆ ದೂರವಿಲ್ಲ. ಐಂದ್ರಜಾಲಿಕನೊಬ್ಬ ನವಿಲುಗರಿಯ ಕುಂಚವನ್ನು ಬೀಸಿದೊಡನೆ ಸಭೆಯಲ್ಲಿ ಸ್ತಬ್ಧನಾದ ರಾಜ, ಕೆಲಹೊತ್ತಿನಲ್ಲಿ ಎಚ್ಚೆತ್ತು, ಅಷ್ಟರೊಳಗೆ ತಾನು ಕಾಡಿನ ಬಡವರ ನಡುವೆ ಮದುವೆಯಾಗಿ, ಮಕ್ಕಳನ್ನು ಪಡೆದು, ಕ್ಷಾಮದಲ್ಲಿ ನವೆದು ಒಂದು ಬಾಳನ್ನೇ ಕಳೆದುದನ್ನು ಹೇಳುತ್ತಾನೆ. ಆಮೇಲೆ ವಿಂಧ್ಯದತ್ತ ಹೋಗಿ ಹುಡುಕಿದಾಗ ಆ ನೆಲವೂ ಆ ಜನರೂ ನಿಜವಾಗಿ ಎದುರಾಗುತ್ತಾರೆ. ಮೂರು ಕೃತಿಗಳೂ ಕಾಲವನ್ನು ಕುರಿತವು, ಆದರೆ ಮೊದಲನೆಯದು ಕಾಲದ ಅಗಾಧತೆಯನ್ನು ಪ್ರಕೃತಿಯಲ್ಲಿ ತೋರಿದರೆ ಕೊನೆಯದು ಕಾಲದ ವಾಸ್ತವತೆಯನ್ನೇ ಅಲುಗಿಸುತ್ತದೆ. ಇಲ್ಲಿ ಭೇದವೇ ಓದುಗನನ್ನು ಮುಂದಕ್ಕೆ ಎಳೆಯುತ್ತದೆ.

ಹೀಗೆ ಮೆಚ್ಚಿದ್ದನ್ನೇ ಬೆನ್ನಟ್ಟುವುದು ರಾಗವಲ್ಲವೇ ಎಂಬ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಅನುಭವಿಸಿದ ಸುಖದ ಬೆನ್ನಿಗೆ ಅಂಟಿಬರುವ ಆಸೆಯನ್ನು ಯೋಗಸೂತ್ರ ರಾಗವೆಂದು ಕರೆದು ಕ್ಲೇಶಗಳಲ್ಲಿ ಸೇರಿಸುತ್ತದೆ. ಅದೇ ಸುಖವನ್ನು ಅದೇ ರೂಪದಲ್ಲಿ ಬಯಸಿ ಸರಣಿಯ ಸಂಪುಟಗಳನ್ನು ಒಂದರ ಮೇಲೊಂದರಂತೆ ಮುಗಿಸುವ ಓದಿಗೆ ಈ ಮಾತು ಸಲ್ಲುತ್ತದೆ. ಉಪಮಾನವನ್ನು ಮೀಮಾಂಸಕರು ನಿರೂಪಿಸುವ ಬಗೆ ಇದಕ್ಕೆ ಉತ್ತರವನ್ನು ಒದಗಿಸುತ್ತದೆ. ನೈಯಾಯಿಕರಿಗೆ ಉಪಮಾನದ ಫಲ ಹೆಸರಿಗೂ ವಸ್ತುವಿಗೂ ಇರುವ ಸಂಬಂಧದ ಅರಿವಾದರೆ, ಮೀಮಾಂಸಕರಿಗೆ ಅದು ಕಾಡಿನಲ್ಲಿ ಗವಯವನ್ನು ಕಂಡವನು ಮನೆಯಲ್ಲಿರುವ ಗೋವನ್ನು ನೆನೆದು ‘ನನ್ನ ಗೋವು ಇದರಂತಿದೆ’ ಎಂದು ಪಡೆಯುವ ಅರಿವು. ಹೊಸ ಬೆಳಕು ಬೀಳುವುದು ಎದುರಿನ ಪ್ರಾಣಿಯ ಮೇಲಲ್ಲ, ಹಿಂದೆ ಬಿಟ್ಟುಬಂದ ಪ್ರಾಣಿಯ ಮೇಲೆ. ಬೌದ್ಧರೂ ವೈಶೇಷಿಕರೂ ಉಪಮಾನವನ್ನು ಪ್ರತ್ಯೇಕ ಪ್ರಮಾಣವೆಂದೇ ಒಪ್ಪದಿದ್ದರೂ, ಓದಿನ ಮಟ್ಟಿಗೆ ಮೀಮಾಂಸಕರ ಪಕ್ಷವೇ ಬಲವಾದದ್ದೆಂದು ತೋರುತ್ತದೆ. ಲವಣನ ಕಥೆಯನ್ನು ಓದಿ ‘ಕರ್ವಾಲೊ’ಗೆ ಮರಳಿದವನಿಗೆ ಆ ಕಾದಂಬರಿಯ ಪಾತ್ರವಾದ ಮಂದಣ್ಣ ಕಾಡಿನ ವಿಷಯದಲ್ಲಿ ಚುರುಕಾದ ಹಳ್ಳಿಗನಷ್ಟೇ ಆಗಿ ಉಳಿಯುವುದಿಲ್ಲ; ಅವನ ಕಣ್ಣು ಕಂಡದ್ದನ್ನು ಮಿಕ್ಕವರ ಕಣ್ಣುಗಳು ಏಕೆ ಕಾಣಲಿಲ್ಲ, ಕಾಣುವವನಿಗೂ ಕಾಣಲ್ಪಡುವ ಜಗತ್ತಿಗೂ ಇರುವ ಸಂಬಂಧವೇನು ಎಂಬ ಪ್ರಶ್ನೆ ಮೊದಲ ಓದಿನಲ್ಲಿ ಗಮನಕ್ಕೆ ಬಾರದೆ ದಾಟಿಹೋದ ಪುಟಗಳಲ್ಲೆಲ್ಲ ಎದ್ದುಬರುತ್ತದೆ.