ಒದ್ದೆ ಕಾಳು ಮೇಲಿರಲಿ

ಹೊರದೇಶದಲ್ಲಿ ಮನೆ ಕೊಳ್ಳುವುದರ ಕುರಿತು ಪತ್ರಿಕೆಗಳಿಗೆ ಬರೆದು ಬದುಕುವ ಫ್ರೀಲಾನ್ಸ್ ಬರಹಗಾರನಿಗೆ ಸಂಭಾವನೆ ಕಟ್ಟಡ ಕಂಪೆನಿಯಿಂದಲೇ ಬಂದರೆ, ಅವನು ಯಾರಿಗೆ ಉತ್ತರದಾಯಿ? ಹಣ ಕೊಟ್ಟವರಿಗೋ, ನಂಬಿ ಓದಿದವರಿಗೋ?

2002ರಲ್ಲಿ ದುಬೈ ವಿದೇಶೀಯರಿಗೆ ಮನೆಯ ಪೂರ್ಣ ಒಡೆತನದ ಬಾಗಿಲು ತೆರೆಯಿತು. ನಕಾಶೆಯಲ್ಲಷ್ಟೇ ಇದ್ದ ಮನೆಗಳೂ ಮಾರಾಟವಾದವು. ಖರೀದಿದಾರರ ಹಣವನ್ನು ಪ್ರತ್ಯೇಕ ಎಸ್ಕ್ರೋ ಖಾತೆಯಲ್ಲಿಡಬೇಕೆಂಬ ಕಾನೂನು ಬಂದದ್ದು 2007ರಲ್ಲಿ. ಮರುವರ್ಷವೇ ಆರ್ಥಿಕ ಕುಸಿತ. ಎಷ್ಟೋ ಯೋಜನೆಗಳು ಅರ್ಧಕ್ಕೇ ನಿಂತವು. ಕಂತು ಕಟ್ಟಿದವರಲ್ಲಿ ಭಾರತೀಯರೂ ಇದ್ದರು. ಈಜುಕೊಳವನ್ನೂ ಸಮುದ್ರದ ನೋಟವನ್ನೂ ವರ್ಣಿಸುವ ಲೇಖನದಲ್ಲಿ ಒಂದೂ ಸುಳ್ಳಿಲ್ಲ ಎನ್ನೋಣ. ಆದರೆ ಹಣ ಯಾರ ಕೈಯಲ್ಲಿರುತ್ತದೆ, ಕೆಲಸ ನಿಂತರೆ ಗತಿಯೇನು ಎಂಬುದನ್ನು ಬಿಟ್ಟಿದ್ದರೆ ಅದು ಸತ್ಯವಾದೀತೇ?

ಪ್ರವಾದಿವರ್ಯರು(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗಿನದು ಒದ್ದೆಯಾಗಿತ್ತು. ಮಳೆಗೆ ನೆನೆಯಿತೆಂದ ವ್ಯಾಪಾರಿಯೊಡನೆ, ಜನರಿಗೆ ಕಾಣುವಂತೆ ಅದನ್ನು ಮೇಲಿಡಬಾರದಿತ್ತೇ ಎಂದು ಕೇಳಿದರು. ಅವನು ಸುಳ್ಳಾಡಿರಲಿಲ್ಲ, ಒಣ ಕಾಳನ್ನಷ್ಟೇ ತೋರಿಸಿದ್ದ.

ಬರಹಗಾರ ಮನೆ ಮಾರುವುದಿಲ್ಲ, ನಿಜ. ಆದರೆ ಕಂಪೆನಿಯೇ ಮಾತಾಡಿದರೆ ಗ್ರಾಹಕ ಎಚ್ಚರದಿಂದಿರುತ್ತಾನೆ. ಲೇಖನವೆಂದಾಗ ಎಚ್ಚರ ಸಡಿಲಾಗುತ್ತದೆ. ಕಂಪೆನಿ ಬೆಲೆ ತೆರುವುದು ಆ ಸಡಿಲಿಕೆಗೇ. ಆದ್ದರಿಂದ ಒದ್ದೆ ಕಾಳನ್ನು ಮೊದಲ ಪ್ಯಾರಾದಲ್ಲೇ ಇಡುವುದು ಅವನ ಕರ್ತವ್ಯ. ಅದಕ್ಕೆ ಅವಕಾಶವಿಲ್ಲವೆಂದಾದರೆ, ಬರಹದ ನೆತ್ತಿಯ ಮೇಲೆ ‘ಜಾಹೀರಾತು’ ಎಂದಾದರೂ ಅಚ್ಚಾಗಲಿ.