ದೋಣಿಗೆ ಮುಂಚೆ ಒಂದು ಕೋಣೆ

ರಂಗನತಿಟ್ಟಿಗೆ ಹೋದವರಿಗೆಲ್ಲ ದೋಣಿಯದೇ ಧ್ಯಾನ. ಟಿಕೆಟ್ ತೆಗೆದುಕೊಂಡವರೇ ನೇರವಾಗಿ ಕಾವೇರಿಯ ದಡಕ್ಕೆ ಇಳಿಯುತ್ತಾರೆ. ಪಕ್ಷಿತಜ್ಞ ಸಲೀಂ ಅಲಿಯವರ ಹೆಸರಿನ ಪುಟ್ಟ ಮಾಹಿತಿ ಕೇಂದ್ರ ಅಲ್ಲೇ ಇದ್ದರೂ, ಅದರೊಳಗೆ ಕಾಲಿಡುವವರು ದೋಣಿಯ ಸರದಿಗೆ ಕಾದು ಬೇಸತ್ತವರು, ಇಲ್ಲವೇ ಮಳೆಗೆ ಸಿಕ್ಕವರು. ನಮ್ಮ ಹಾಸನದ ಕಡೆಯ ಶಾಲಾ ಪ್ರವಾಸಗಳದ್ದೂ ಇದೇ ಕತೆ. ಬೆಳಗಿನ ಜಾವ ಪುಳಿಯೋಗರೆ ಕಟ್ಟಿಕೊಂಡು ಹೊರಟ ಬಸ್ಸಿಗೆ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ ಮುಗಿಸಿ, ಕತ್ತಲಾಗುವ ಹೊತ್ತಿಗೆ ಬೃಂದಾವನದ ಕಾರಂಜಿ ಮುಟ್ಟಬೇಕು. ನಡುವೆ ಕೋಣೆಯೊಳಗಿನ ಫಲಕ ಓದುತ್ತ ನಿಲ್ಲಲು ಯಾವ ಮೇಷ್ಟ್ರು ತಾನೇ ಬಿಟ್ಟಾರು?

ಆದರೂ ನನ್ನ ಮಟ್ಟಿಗೆ ರಂಗನತಿಟ್ಟನ್ನು ನೋಡುವುದು ಶುರುವಾಗುವುದು ಅಂಥ ಕೋಣೆಯಿಂದಲೇ. ದೋಣಿಯವರು ಹಕ್ಕಿ ತೋರಿಸುತ್ತಾರೆ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ತೋರಿಸುತ್ತಾರೆ. ಹೊಳೆಯ ನಡುವಿನ ಆ ತಿಟ್ಟುಗಳು ಅಲ್ಲಿಗೆ ಬಂದದ್ದು ಹೇಗೆ ಎಂಬುದು ಮಾತ್ರ ದೋಣಿಯಿಂದ ಕಾಣುವುದಿಲ್ಲ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645ರಿಂದ 1648ರ ನಡುವೆ, ಕಾವೇರಿಗೆ ಅಡ್ಡಲಾಗಿ ಒಂದು ಒಡ್ಡು ಕಟ್ಟಿದರು. ನೀರು ನಿಂತು ಹರಡಿ, ಎತ್ತರದ ನೆಲವಷ್ಟೇ ದ್ವೀಪಗಳಾಗಿ ಉಳಿಯಿತು. ಸುತ್ತ ನೀರು, ನಡುವೆ ಮರ, ನಾಯಿ ನರಿಯ ಕಾಟವಿಲ್ಲ. ಹಕ್ಕಿಗೆ ಇನ್ನೇನು ಬೇಕು? ಗದ್ದೆಗೆಂದು ಕಟ್ಟಿದ್ದು ಗೂಡಿಗೆ ಒದಗಿತು. ಮುಂದೆ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದ ಸಲೀಂ ಅಲಿಯವರು ಇಲ್ಲಿಯ ಗೂಡುಗಳನ್ನು ಕಂಡು ಅರಸರಿಗೆ ಒತ್ತಾಯ ಮಾಡಿದ್ದರಿಂದ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಕರ್ನಾಟಕದ ಮೊದಲ ತಾಣವೂ ಇದೇ. ನಾವು 'ಪ್ರಕೃತಿ' ಎಂದು ಫೋಟೊ ಹೊಡೆದುಕೊಂಡು ಬರುವ ಈ ಜಾಗಕ್ಕೆ ಕಲ್ಲು ಹೊತ್ತವರಿದ್ದಾರೆ, ಹಕ್ಕಿ ಎಣಿಸಿದವರಿದ್ದಾರೆ, ಆದೇಶಕ್ಕೆ ರುಜು ಹಾಕಿದವರಿದ್ದಾರೆ.

ಹಾಸನದ ಬೂವನಹಳ್ಳಿಯಲ್ಲಿ ಕೂತು ಇದನ್ನು ಬರೆಯುವುದಕ್ಕೆ ಕಾರಣವೂ ಇದೆ. ರಂಗನತಿಟ್ಟಿನ ನೀರಿನಲ್ಲಿ ನಮ್ಮ ಜಿಲ್ಲೆಯ ಪಾಲು ದೊಡ್ಡದು. ಮೂಡಿಗೆರೆ ಸೀಮೆಯಲ್ಲಿ ಹುಟ್ಟಿದ ಹೇಮಾವತಿ ಸಕಲೇಶಪುರ ದಾಟಿ, ಗೊರೂರಿನ ಅಣೆಕಟ್ಟೆಯಲ್ಲಿ ನಿಂತು, ಹೊಳೆನರಸೀಪುರದ ಮಗ್ಗುಲಲ್ಲಿ ಹರಿದು ಕನ್ನಂಬಾಡಿಯ ಹಿನ್ನೀರಿಗೆ ಸೇರುತ್ತದೆ. ಗೊರೂರಿನ ಅಣೆಕಟ್ಟೆ ತುಂಬಿದರೆ 2,922 ಅಡಿ, 37 ಟಿಎಂಸಿ. ಆ ಅಂಕಿ ಮುಟ್ಟಿದ ದಿನ ನಮಗೆಲ್ಲ ಹಬ್ಬ. ಬಾಗಿನ ಬಿಡುವ ಚಿತ್ರ ಮರುದಿನದ ಪತ್ರಿಕೆಯಲ್ಲಿ. ಗೇಟಿನಿಂದ ಧುಮುಕುವ ನೀರು ನೋಡಲು ಅರಕಲಗೂಡು, ಹಾಸನದಿಂದ ಜನ ಮಕ್ಕಳು ಮರಿ ಕಟ್ಟಿಕೊಂಡು ಹೋಗುತ್ತಾರೆ. ನಾನೂ ಹೋಗುತ್ತೇನೆ. ಅದೇ ನೀರು ಕನ್ನಂಬಾಡಿಯನ್ನೂ ತುಂಬಿಸಿ, ಅಲ್ಲಿಯ ಗೇಟುಗಳನ್ನೂ ತೆರೆಸಿ ಕೆಳಗೆ ಇಳಿದಾಗ ರಂಗನತಿಟ್ಟಿನಲ್ಲಿ ದೋಣಿ ನಿಲ್ಲುತ್ತದೆ. ದ್ವೀಪಗಳ ಮಣ್ಣು ಕೊಚ್ಚಿಹೋಗುತ್ತದೆ, ತಗ್ಗಿನ ಕೊಂಬೆಗಳ ಗೂಡು ಮೊಟ್ಟೆ ಸಮೇತ ಹೋಗುತ್ತದೆ. ಹೊಳೆ ಹೀಗೆ ತುಂಬುವ ಜುಲೈ, ಆಗಸ್ಟ್ ಎಂದರೆ ಬೆಳ್ಳಕ್ಕಿ, ಬಾಯ್ಕಳಕ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿಗಳೆಲ್ಲ ಮರಿ ಮಾಡುವ ಕಾಲ.

ನದಿ ರೀವ ಎಂಬ ಹಕ್ಕಿಯ ಪಾಡು ಇನ್ನೊಂದು ಬಗೆ. ಅದು ಗೂಡೇ ಕಟ್ಟದೆ ಬೇಸಿಗೆಯಲ್ಲಿ, ಹೊಳೆ ಇಳಿದು ಬಂಡೆ ಎದ್ದಾಗ, ಬರಿಯ ಬಂಡೆಯ ಮೇಲೆ ಮೊಟ್ಟೆ ಇಡುತ್ತದೆ. ಆ ಹೊತ್ತಿನಲ್ಲಿ ಕೆಳಗಿನವರ ಅಗತ್ಯಕ್ಕೆಂದು ಒಮ್ಮೆಲೇ ನೀರು ಬಿಟ್ಟರೆ ಆ ವರ್ಷದ ಸಂತಾನ ಅಲ್ಲಿಗೆ ಮುಗಿಯಿತು. ಬಿಡಬಾರದು ಎಂದು ಹೇಳುವ ಧೈರ್ಯ ನನಗಿಲ್ಲ. ಕುಡಿಯುವ ನೀರಿಗೆ ಕಾದವರ ಮುಂದೆ ಹಕ್ಕಿಯ ವಕಾಲತ್ತು ಸುಲಭವಲ್ಲ. ಎರಡು ದಿನ ಮೊದಲೇ ಸ್ವಲ್ಪ ಸ್ವಲ್ಪವಾಗಿ ಬಿಟ್ಟರೆ ಆಗುವುದಿಲ್ಲವೇ ಎಂದು ಕೇಳುವುದಕ್ಕಾದರೂ ಅಂಥ ಹಕ್ಕಿಯೊಂದು ಅಲ್ಲಿದೆ ಎಂಬುದು ಗೊತ್ತಿರಬೇಕಲ್ಲ.

ಗೊತ್ತು ಮಾಡಿಸುವ ಇನ್ನೊಂದು ಜಾಗ ಮೈಸೂರಿನ ಕಾರಂಜಿ ಕೆರೆಯ ದಂಡೆಯಲ್ಲಿದೆ. 1995ರಲ್ಲಿ ತೆರೆದ ಪ್ರಾದೇಶಿಕ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯ. ಪಕ್ಕದ ಮೃಗಾಲಯದ ಜನಸಂದಣಿಯ ಒಂದು ತುಣುಕೂ ಇಲ್ಲಿಗೆ ಹಾಯುವುದಿಲ್ಲ. ದೆಹಲಿಯಲ್ಲಿದ್ದ ಇದರ ಮೂಲ ಸಂಗ್ರಹಾಲಯ 2016ರ ಏಪ್ರಿಲ್‌ನಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಇಂಥವುಗಳ ಬೆಲೆ ಹೆಚ್ಚಿದೆ ಎಂದು ನನ್ನ ಎಣಿಕೆ. ಮೈಸೂರಿನಲ್ಲೇ ವ್ಯಾನ್ ಇಂಗೆನ್ ಕುಟುಂಬದ ಕಾರ್ಖಾನೆಯೂ ಇತ್ತು. ಬೇಟೆಯ ಹುಲಿ, ಚಿರತೆಗಳ ಚರ್ಮಕ್ಕೆ ಜೀವಕಳೆ ತುಂಬಿ ಅರಮನೆ, ಬಂಗಲೆಗಳಿಗೆ ಕಳಿಸುತ್ತಿದ್ದರು. ಕೈಚಳಕವೇನೋ ಅಪಾರ. ಹುಲಿ ಎಲ್ಲಿ ನೀರು ಕುಡಿಯುತ್ತಿತ್ತು, ಯಾವ ಕಾಡಿನದು ಎಂದು ಆ ಗೋಡೆಗಳು ಹೇಳುತ್ತಿರಲಿಲ್ಲ.

ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಬಾಯ್ಕಳಕ ಕೊಕ್ಕರೆಯನ್ನೇ ನೋಡಿ. ಕೊಕ್ಕು ಮುಚ್ಚಿದರೂ ನಡುವೆ ಸಂದಿ. ಮರಿಗೆ ಆ ಸಂದಿ ಇರುವುದಿಲ್ಲ, ಬೆಳೆಯುತ್ತ ಮೂಡುತ್ತದೆ. ಗಟ್ಟಿ ಚಿಪ್ಪಿನ ಬಸವನಹುಳುವನ್ನು ಹಿಡಿದು ಒಳಗಿನ ತಿರುಳು ತೆಗೆಯಲು ಹೇಳಿ ಮಾಡಿಸಿದ ಕೊಕ್ಕು. ಚನ್ನರಾಯಪಟ್ಟಣದ ಕೆರೆ ಬಯಲಿನ ಗದ್ದೆಗಳಲ್ಲಿ ಇದು ಇಳಿದಾಗ "ಯಾವ್ದೋ ಕೊಕ್ಕರೆ ಕಣಪ್ಪ" ಎಂದು ಮುಂದೆ ಹೋಗುತ್ತೇವೆ. ರಂಗನತಿಟ್ಟಿಗೆ ಹೋಗಿ ದುಡ್ಡು ಕೊಟ್ಟು ದೋಣಿ ಹತ್ತಿದಾಗ ಅದೇ ಹಕ್ಕಿಗೆ ಮೊಬೈಲ್ ಎತ್ತುತ್ತೇವೆ.

ಬೂವನಹಳ್ಳಿಯ ಹೆಸರು ಪತ್ರಿಕೆಯಲ್ಲಿ ಬರುವುದು ವಿಮಾನ ನಿಲ್ದಾಣದ ಸುದ್ದಿ ಇದ್ದಾಗ. ಇದನ್ನೆಲ್ಲ ನಮ್ಮೂರಲ್ಲೇ ಗೊತ್ತು ಮಾಡಿಸಲು ಆ ನಿಲ್ದಾಣದ ಕಟ್ಟಡದ ಒಂದು ಗೋಡೆಯನ್ನು ಜಿಲ್ಲೆಯ ಜೀವಿಗಳಿಗೆ ಬಿಟ್ಟುಕೊಟ್ಟರೆ ಸಾಕು, ಕೋಟಿಗಟ್ಟಲೆ ಏನೂ ಬೇಡ. ಸತ್ತ ಹಕ್ಕಿಗೆ ಹೊಟ್ಟು ತುಂಬಿ ಇಡುವುದೂ ಬೇಡ, ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಗೋಡೆಯ ಮೇಲ್ಭಾಗದಲ್ಲಿ ಗೊರೂರಿನ ಇಂದಿನ ನೀರಿನ ಮಟ್ಟ, ಕೆಳಗೆ ಈ ತಿಂಗಳು ರಂಗನತಿಟ್ಟಿನಲ್ಲಿ ಮೊಟ್ಟೆಗೆ ಕೂತಿರುವ ಹಕ್ಕಿಗಳ ಹೆಸರು. ನಿಲ್ದಾಣ ಮುಗಿಯುವವರೆಗೆ ಕಾಯಲಾರದವರು ಶಾಲೆಯ ಕಪ್ಪುಹಲಗೆಯಲ್ಲೇ ಬರೆಯಬಹುದು. ನೀರಿನ ಮಟ್ಟ ಹೇಗೂ ದಿನಾ ಪತ್ರಿಕೆಯಲ್ಲಿ ಇರುತ್ತದೆ.